ಕೆಟ್ಟ ಸುದ್ದಿ ಮೇಲಕ್ಕೆ ಹತ್ತುವ ದಾರಿ

(ದಾವಣಗೆರೆಯಲ್ಲಿ ವಾಣಿಜ್ಯ ವಿದ್ಯಾರ್ಥಿಗಳು, ಸಹಕಾರ ಸಂಘಗಳ ಸಿಬ್ಬಂದಿ ಮತ್ತು ಮಂಡಿ ವ್ಯಾಪಾರಸ್ಥರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ.

ಕೆಲಸದ ಜಾಗದಲ್ಲಿ ನೈತಿಕ ನಿರ್ಧಾರ ಮತ್ತು ನಾಯಕತ್ವ ಎಂಬ ವಿಷಯದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ಇಷ್ಟು ದೊಡ್ಡ ವಿಷಯವನ್ನು ಒಂದು ಗಂಟೆಯಲ್ಲಿ ಹಿಡಿಯುವುದು ಹೇಗೆಂದು ಯೋಚಿಸಿದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬ್ಯಾಂಕಿನ ಶಾಖೆಗಳಲ್ಲಿ ಕುಳಿತು ಎದ್ದವನಾಗಿ, ನನಗೆ ಚೆನ್ನಾಗಿ ಗೊತ್ತಿರುವುದು ಈ ವಿಷಯದ ಒಂದು ಮೂಲೆ ಮಾತ್ರ. ಒಂದು ಕಚೇರಿಯಲ್ಲಿ ಏನೋ ತಪ್ಪಾಗುತ್ತಿದೆ ಎಂದು ಮೊದಲು ತಿಳಿಯುವುದು ಸಾಮಾನ್ಯವಾಗಿ ಅಲ್ಲಿನ ಅತ್ಯಂತ ಕೆಳಗಿನ ನೌಕರನಿಗೆ. ಆ ತಿಳಿವಳಿಕೆ ನಿರ್ಧಾರ ತೆಗೆದುಕೊಳ್ಳುವವನ ಮೇಜಿನವರೆಗೆ ಬರುತ್ತದೆಯೋ ಇಲ್ಲವೋ, ಬಂದರೆ ಎಷ್ಟು ದಿನಕ್ಕೆ ಬರುತ್ತದೆ, ತಂದವನಿಗೆ ಏನಾಗುತ್ತದೆ ಎಂಬುದರ ಮೇಲೆಯೇ ಆ ಕಚೇರಿಯ ನೀತಿ ನಿಂತಿದೆ ಎಂದು ನಾನು ನಂಬಿದ್ದೇನೆ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಚಿತ್ರದುರ್ಗ ಜಿಲ್ಲೆಯ ಒಂದು ಶಾಖೆಗೆ ನಾನು ಮ್ಯಾನೇಜರ್ ಆಗಿದ್ದ ಕಾಲ. ಮಾರ್ಚ್ ತಿಂಗಳ ಕೊನೆಯ ವಾರ. ಆ ವಾರ ಹೇಗಿರುತ್ತದೆಂದು ಬ್ಯಾಂಕಿನವರಿಗೆ ವಿವರಿಸಬೇಕಿಲ್ಲ. ಆಭರಣ ಸಾಲದ ಗುರಿ ಮುಟ್ಟಲು ಇನ್ನೂ ಸಾಕಷ್ಟು ಬಾಕಿಯಿತ್ತು. ಗ್ರಾಹಕರೊಬ್ಬರು ದಪ್ಪ ಗುಂಡಿನ ಸರವೊಂದನ್ನು ಒತ್ತೆ ಇಡಲು ತಂದಿದ್ದರು. ನಮ್ಮ ಅಪ್ರೈಸರ್ ಎಂದಿನಂತೆ ಒರೆಗಲ್ಲಿಗೆ ಉಜ್ಜಿದರು, ಗೆರೆಯ ಮೇಲೆ ಆಸಿಡ್ ಬಿಟ್ಟು ನೋಡಿದರು, ತಕ್ಕಡಿಗೆ ಹಾಕಿದರು, ಒಟ್ಟು ತೂಕ 42 ಗ್ರಾಂ ಎಂದು ಬರೆದು, ಗುಂಡಿನೊಳಗಿನ ಅರಗಿಗೆಂದು 2 ಗ್ರಾಂ ಕಳೆದು, ನಿವ್ವಳ 40 ಗ್ರಾಂ ಎಂದು ಸಹಿ ಮಾಡಿದರು. ಚೀಟಿ ನನ್ನ ಮೇಜಿಗೆ ಬಂತು. ಅದನ್ನು ತಂದವಳು ಸೇವೆಗೆ ಸೇರಿ ಇನ್ನೂ ವರ್ಷ ತುಂಬದ ಕ್ಲರ್ಕ್ ಹುಡುಗಿ. ಆಕೆಯ ತಂದೆ ಅಕ್ಕಸಾಲಿಗರು. ಆಕೆ ಹುಟ್ಟಿ ಬೆಳೆದದ್ದೇ ಕುಲುಮೆಯ ಪಕ್ಕದಲ್ಲಿ. ಚೀಟಿಯನ್ನು ಇಟ್ಟವಳು ಹೋಗದೆ ನಿಂತಳು. “ಸಾರ್, ಈ ನಮೂನೆ ಗುಂಡಿನಾಗೆ ಅರಗೇ ಆರೇಳು ಗ್ರಾಂ ಇರ್ತೈತೆ. ಎರಡು ಗ್ರಾಂ ಕಳೆದ್ರೆ ಸಾಲದು ಅನ್ಸುತ್ತೆ” ಎಂದಳು.

ಕೌಂಟರಿನ ಮುಂದೆ ಹತ್ತು ಜನ ನಿಂತಿದ್ದರು. ಪ್ರಾದೇಶಿಕ ಕಚೇರಿಯಿಂದ ಅರ್ಧ ಗಂಟೆಗೊಮ್ಮೆ ಫೋನ್ ಬರುತ್ತಿತ್ತು. ನಾನು ತಲೆ ಎತ್ತದೆ ಹೇಳಿದ ಮಾತು ಇಂದಿಗೂ ನನಗೆ ನೆನಪಿದೆ: “ಅಪ್ರೈಸರ್ ಸಹಿ ಹಾಕಿದ್ದಾರಲ್ಲಮ್ಮ, ನಿನಗ್ಯಾಕೆ ಅದೆಲ್ಲ?” ಅಷ್ಟೇ. ನಾನು ಬೈಯಲಿಲ್ಲ, ಗದರಲಿಲ್ಲ. ಆಕೆ “ಸರಿ ಸಾರ್” ಎಂದು ಹೋದಳು. ಸಾಲ ಮಂಜೂರಾಯಿತು.

ಎರಡು ವರ್ಷದ ನಂತರ ತಪಾಸಣೆಗೆ ಬಂದವರು ಒತ್ತೆಯ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿಸಿ ಮರುತೂಕ ಮಾಡಿಸಿದಾಗ, ಹದಿನೈದಕ್ಕೂ ಹೆಚ್ಚು ಪೊಟ್ಟಣಗಳಲ್ಲಿ ನಿವ್ವಳ ತೂಕವನ್ನು ಹೆಚ್ಚು ತೋರಿಸಿರುವುದು ಕಂಡುಬಂತು. ಆ ಪೊಟ್ಟಣಗಳಲ್ಲಿ ಹೆಚ್ಚಿನವು ಅದೇ ಹುಡುಗಿಯ ಕೈಯಲ್ಲಿ ಹಾದುಹೋಗಿದ್ದವು. ಆಕೆಯನ್ನು ಒಳಗೆ ಕರೆದು, “ಇಷ್ಟೆಲ್ಲ ನಿನ್ನ ಕಣ್ಣಿಗೆ ಬಿದ್ದಿರಲೇಬೇಕು, ನನಗೇಕೆ ಹೇಳಲಿಲ್ಲ?” ಎಂದು ಕೇಳಿದೆ. ಆಕೆಯ ಉತ್ತರದಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. “ಹೇಳಿದ್ನಲ್ಲ ಸಾರ್, ಒಂದು ಸಲ” ಎಂದಳು.

ತಪ್ಪು ಅಂದಾಜು ಬರೆದವರ ಮೇಲೆ ಕ್ರಮವಾಯಿತು. ನನಗೂ ಒಂದು ಮೆಮೊ ಬಂತು. ಆ ಮೆಮೊದಲ್ಲಿ ಮೇಲ್ವಿಚಾರಣೆಯ ಲೋಪ ಎಂದು ಬರೆದಿತ್ತು. ನಿಜವಾದ ಲೋಪಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ. ನನ್ನ ಶಾಖೆಯಲ್ಲಿ ಚಿನ್ನವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ವ್ಯಕ್ತಿಯ ಬಾಯಿಯನ್ನು ಒಂದೇ ಒಂದು ವಾಕ್ಯದಿಂದ, ಎರಡು ವರ್ಷಗಳ ಕಾಲ ನಾನು ಮುಚ್ಚಿಸಿದ್ದೆ.

ಮೇಲಿರುವವರು ಈ ವಿಷಯದಲ್ಲಿ ತಮ್ಮ ಬಗ್ಗೆ ತಪ್ಪು ತಿಳಿದಿರುತ್ತಾರೆ. “ನಾನು ಯಾರನ್ನೂ ಹೆದರಿಸುವವನಲ್ಲ, ಯಾರು ಯಾವಾಗ ಬೇಕಾದರೂ ಬಂದು ಹೇಳಬಹುದು” ಎಂದು ಪ್ರತಿಯೊಬ್ಬ ಮೇಲಧಿಕಾರಿಯೂ ಹೇಳುತ್ತಾನೆ, ಮನಃಪೂರ್ವಕವಾಗಿಯೇ ಹೇಳುತ್ತಾನೆ. ಆದರೆ ಕೆಳಗಿನವನು ಆ ಘೋಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ಕಳೆದ ಸಲ ಬಾಯಿಬಿಟ್ಟವನಿಗೆ ಏನಾಯಿತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಅದರ ಮೇಲೆ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠವೇ ದೊಡ್ಡವರಿಗೆ ಎದುರಾಡಬಾರದು ಎಂಬುದು. ಆ ಪಾಠದಲ್ಲಿ ಒಳ್ಳೆಯದೂ ಇದೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಇಪ್ಪತ್ತು ವರ್ಷ ಆ ಪಾಠ ಕಲಿತು ಕೆಲಸಕ್ಕೆ ಬಂದ ಹುಡುಗ, ತನ್ನ ತಂದೆಯ ವಯಸ್ಸಿನ ಅಧಿಕಾರಿಗೆ “ಇದು ತಪ್ಪು” ಎನ್ನಬೇಕಾದರೆ ಎಷ್ಟು ಶಕ್ತಿ ಬೇಕು ಎಂಬುದನ್ನು ಆ ಅಧಿಕಾರಿ ಅರಿತಿರಬೇಕು.

ಮಂಗಳೂರಿನ ವಿಮಾನ ದುರಂತ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ 166 ಜನರನ್ನು ಹೊತ್ತು ಬಂದ ವಿಮಾನ, ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಎಂಟು ಜನ ಉಳಿದರು. ತನಿಖೆ ನಡೆಸಿದವರು ಕೊಟ್ಟ ಮುಖ್ಯ ಕಾರಣ ಇದು: ವಿಮಾನ ಇಳಿಯುತ್ತಿದ್ದ ಎತ್ತರವೂ ವೇಗವೂ ಸರಿಯಿರಲಿಲ್ಲ, ಮತ್ತೆ ಮೇಲಕ್ಕೇರಿ ಒಂದು ಸುತ್ತು ಹಾಕೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರು, ಯಂತ್ರವೂ ಎಚ್ಚರಿಕೆಯ ಧ್ವನಿ ಕೊಡುತ್ತಲೇ ಇತ್ತು, ಆದರೂ ಕ್ಯಾಪ್ಟನ್ ಇಳಿಸುವುದನ್ನು ನಿಲ್ಲಿಸಲಿಲ್ಲ. ಸಹ ಪೈಲಟ್ ಹೇಳಿದ್ದು ಸರಿಯಾಗಿತ್ತು, ಸಮಯಕ್ಕೆ ಸರಿಯಾಗಿಯೂ ಹೇಳಿದ್ದರು. ಹೇಳುವವನು ಹೇಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ತಿಳಿದಿಲ್ಲ. ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಕಿವಿಯೂ ನಿರ್ಧಾರದ ಭಾಗ.

ಇನ್ನೊಂದು ಘಟನೆಯ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆಂದಿದ್ದೇನೆ, ಏಕೆಂದರೆ ಅದರಲ್ಲಿ ಒಂದು ಸೂಕ್ಷ್ಮವಿದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡಿಗೆ ಆಕಾಶದಲ್ಲೇ ಛಿದ್ರವಾಗಿ ಏಳು ಜನ ಸತ್ತರು. ರಾಕೆಟ್ಟಿನ ಭಾಗಗಳ ಕೀಲುಗಳಲ್ಲಿ ಓ-ರಿಂಗ್ ಎಂಬ ರಬ್ಬರಿನ ಬಳೆಗಳಿದ್ದವು. ಚಳಿಯಲ್ಲಿ ರಬ್ಬರು ಸೆಟೆದುಕೊಳ್ಳುತ್ತದೆ, ಸಂದು ಮುಚ್ಚುವುದಿಲ್ಲ, ಬಿಸಿ ಅನಿಲ ಹೊರನುಗ್ಗುತ್ತದೆ. ಆ ರಾಕೆಟ್ ತಯಾರಿಸಿದ ಕಂಪನಿಯ ಇಂಜಿನಿಯರ್ ರೋಜರ್ ಬಾಯ್ಸ್‌ಜೋಲಿ ಎಂಬವರು ಆರು ತಿಂಗಳ ಹಿಂದೆಯೇ ಇದನ್ನು ಬರೆದು ಕೊಟ್ಟಿದ್ದರು. ಉಡಾವಣೆಯ ಹಿಂದಿನ ಸಂಜೆ ಫೋನಿನಲ್ಲಿ ಸಭೆ ನಡೆಯಿತು. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಹಾರಿಸಬೇಡಿ ಎಂದು ಇಂಜಿನಿಯರುಗಳು ಪಟ್ಟು ಹಿಡಿದರು. ಮರುದಿನ ಅಲ್ಲಿನ ಉಷ್ಣಾಂಶ ಎರಡು ಡಿಗ್ರಿಯ ಆಸುಪಾಸಿನಲ್ಲಿತ್ತು. ನಾಸಾದವರಿಗೆ ಈ ಸಲಹೆ ರುಚಿಸಲಿಲ್ಲ. ಕಂಪನಿಯವರು ಸ್ವಲ್ಪ ಸಮಯ ಕೇಳಿ ತಮ್ಮೊಳಗೆ ಮಾತನಾಡಿಕೊಂಡರು. ಆಗ ಹಿರಿಯ ಅಧಿಕಾರಿಯೊಬ್ಬರು ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ, ಇಂಜಿನಿಯರನ ಟೋಪಿ ತೆಗೆದಿಟ್ಟು ಮ್ಯಾನೇಜರನ ಟೋಪಿ ಹಾಕಿಕೊಳ್ಳಿ ಎಂದರು. ಟೋಪಿ ಬದಲಾಯಿತು, ಸಲಹೆಯೂ ಬದಲಾಯಿತು.

ಈ ಟೋಪಿಯ ಮಾತನ್ನು ಬಹಳ ಜನ ಕೇಳಿರುತ್ತೀರಿ. ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಅದಕ್ಕಿಂತ ಮೊದಲು ನಡೆದ ಪಲ್ಲಟದ ಕಡೆಗೆ. ಮಾಮೂಲಿಯಾಗಿ ಇಂಥ ಸಭೆಗಳಲ್ಲಿ, ಹಾರಿಸುವುದು ಸುರಕ್ಷಿತ ಎಂದು ತೋರಿಸಿಕೊಡಿ ಎಂಬುದೇ ಪ್ರಶ್ನೆಯಾಗಿರುತ್ತಿತ್ತು. ಅಂದು ಸಂಜೆ, ಅಪಾಯವಿದೆ ಎಂದು ಖಚಿತವಾಗಿ ಸಾಬೀತು ಮಾಡಿ ಎಂದು ಇಂಜಿನಿಯರುಗಳನ್ನೇ ಕೇಳಲಾಯಿತು. ಅವರ ಬಳಿ ಅನುಮಾನವಿತ್ತು, ಹಿಂದಿನ ಹಾರಾಟಗಳ ಕೆಲವು ಗುರುತುಗಳಿದ್ದವು, ಪೂರ್ಣ ಪುರಾವೆ ಇರಲಿಲ್ಲ. ಸಾಬೀತುಪಡಿಸುವ ಹೊರೆ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಸದ್ದಿಲ್ಲದೆ ಜಾರಿದಾಗಲೇ ಏಳು ಜನರ ವಿಧಿ ಬರೆದಾಗಿತ್ತು. ನಾನು ಆ ಹುಡುಗಿಗೆ ಹೇಳಿದ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿದ್ದೇನೆ. “ಸಹಿ ಹಾಕಿದ್ದಾರಲ್ಲ” ಎಂದರೆ ಅರ್ಥ ಅದೇ: ಸರವನ್ನು ಇನ್ನೊಮ್ಮೆ ಪರೀಕ್ಷಿಸಿ ಸರಿಯಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕಾದವನು ನಾನು; ಸರಿಯಿಲ್ಲ ಎಂದು ಸಾಬೀತು ಮಾಡುವ ಭಾರವನ್ನು ವರ್ಷ ತುಂಬದ ಕ್ಲರ್ಕಿನ ಮೇಲೆ ಹೊರಿಸಿದೆ.

ಇಷ್ಟು ದೂರದ ಮಾತು ಸಾಕು. ನಮ್ಮ ಸೀಮೆಗೆ ಬರೋಣ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಸಂಘಗಳಲ್ಲಿ ಕೆಲಸ ಮಾಡುವವರು ಈ ಸಭೆಯಲ್ಲಿದ್ದೀರಿ. ಸಹಕಾರ ಸಂಘದ ಬೆಳೆಸಾಲವನ್ನು ಗಡುವಿನೊಳಗೆ ಕಟ್ಟಿದರೆ ರೈತನಿಗೆ ಬಡ್ಡಿಯಿಲ್ಲ, ಗಡುವು ಮೀರಿದರೆ ಬಡ್ಡಿ ಬೀಳುತ್ತದೆ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ರೈತನ ಕೈಯಲ್ಲಿ ಹಣ ಎಲ್ಲಿಂದ ಬರಬೇಕು? ಆತ ಊರಿನ ಬಡ್ಡಿ ವ್ಯಾಪಾರಿಯಿಂದ ಎರಡು ದಿನದ ಮಟ್ಟಿಗೆ ಕೈಗಡ ತಂದು ಕಟ್ಟುತ್ತಾನೆ. ಸಂಘ ಅದೇ ಮೊತ್ತವನ್ನು ಹೊಸ ಸಾಲವೆಂದು ಕೊಡುತ್ತದೆ. ಆ ಹಣ ಹಾಗೆಯೇ ವ್ಯಾಪಾರಿಗೆ ಮರಳುತ್ತದೆ. ಕೆಲವು ಕಡೆ ಹಣ ಕೈಗೂ ಬರುವುದಿಲ್ಲ, ಪುಸ್ತಕದಲ್ಲೇ ಜಮಾ ಖರ್ಚು ಆಗುತ್ತದೆ. ನಮ್ಮವರು ಇದನ್ನು ಬುಕ್ ಅಡ್ಜಸ್ಟ್‌ಮೆಂಟ್ ಎನ್ನುತ್ತಾರೆ.

ಇದನ್ನು ಮಾಡುವ ಕಾರ್ಯದರ್ಶಿ ಕೆಟ್ಟವನಲ್ಲ. ಬಹಳ ಸಲ ಆತ ರೈತನ ಮೇಲಿನ ಕನಿಕರದಿಂದಲೇ ಮಾಡುತ್ತಾನೆ. ಆದ್ದರಿಂದಲೇ ಈ ಪ್ರಶ್ನೆ ಕಠಿಣ. ಆದರೆ ಫಲಿತಾಂಶ ನೋಡಿ: ಬೆಳೆ ಪೂರ್ತಿ ಹಾಳಾದ ವರ್ಷವೂ ಸಂಘದ ವಸೂಲಾತಿ ನೂರಕ್ಕೆ ತೊಂಬತ್ತರ ಮೇಲೆ ಎಂದು ಮೇಲಕ್ಕೆ ವರದಿ ಹೋಗುತ್ತದೆ. ಮೇಲಿನವರು ಅದನ್ನು ನಂಬುತ್ತಾರೆ, ಅಥವಾ ನಂಬುವುದು ಅವರಿಗೂ ಅನುಕೂಲ. ಬರ ಘೋಷಣೆಯಾದ ತಾಲೂಕುಗಳಲ್ಲಿ ಅಲ್ಪಾವಧಿ ಬೆಳೆಸಾಲವನ್ನು ಮಧ್ಯಮಾವಧಿಗೆ ಪರಿವರ್ತಿಸಿ, ಕಂತು ಮಾಡಿ ಕಟ್ಟಲು ಅವಕಾಶ ಕೊಡುವ ವ್ಯವಸ್ಥೆ ನಮ್ಮ ಬ್ಯಾಂಕಿಂಗ್ ನಿಯಮಗಳಲ್ಲಿ ಇದ್ದೇ ಇದೆ. ಆದರೆ ವಸೂಲಾತಿಯೆಲ್ಲ ಚೆನ್ನಾಗಿದೆ ಎಂದು ಕಾಗದದಲ್ಲಿ ಬರೆದ ಮೇಲೆ ಆ ಸೌಲಭ್ಯವನ್ನು ಯಾವ ಮುಖದಿಂದ ಕೇಳುವುದು? ಕನಿಕರದಿಂದ ಬರೆದ ಸುಳ್ಳು, ಕನಿಕರಕ್ಕೆಂದೇ ಇದ್ದ ದಾರಿಯನ್ನು ಮುಚ್ಚುತ್ತದೆ. ಎರಡು ದಿನದ ಕೈಗಡಕ್ಕೆ ರೈತ ತೆತ್ತ ಬಡ್ಡಿ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಕಥೆ ಇದರದೇ ದೊಡ್ಡ ರೂಪ. ಕನಿಕರದ ನೆಪವೂ ಅಲ್ಲಿ ಇರಲಿಲ್ಲ ಎಂಬುದೊಂದೇ ವ್ಯತ್ಯಾಸ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ ನಗದಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ಆರಂಭದಲ್ಲಿ ಇದ್ದದ್ದು ಸಣ್ಣ ಅಂತರ, ವರ್ಷದಿಂದ ವರ್ಷಕ್ಕೆ ಅದು ಬೆಳೆಯಿತು ಎಂದು ಅವರೇ ಬರೆದಿದ್ದರು. ಹುಲಿಯ ಮೇಲೆ ಸವಾರಿ ಮಾಡಿದವನಿಗೆ ಇಳಿಯುವುದು ತಿಳಿಯದಂತಾಯಿತು ಎಂದೂ ಬರೆದಿದ್ದರು. ಆ ಸಣ್ಣ ಅಂತರದ ಮೊದಲ ತ್ರೈಮಾಸಿಕದಲ್ಲಿ ಲೆಕ್ಕಪತ್ರ ವಿಭಾಗದ ಯಾರಾದರೂ ಒಬ್ಬರ ಮಾತಿಗೆ ಬೆಲೆ ಸಿಕ್ಕಿದ್ದರೆ ಹುಲಿ ಇನ್ನೂ ಮರಿಯಾಗಿದ್ದಾಗಲೇ ಇಳಿಯಬಹುದಿತ್ತು.

ಹಾಗಾದರೆ ಎಲ್ಲರೂ ಧೈರ್ಯಶಾಲಿಗಳಾಗಿ ಎಂದು ಕಿರಿಯರಿಗೆ ಬೋಧಿಸಿದರೆ ಸಾಕೇ? ಇಂಥ ಬೋಧನೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಕೆಜಿಎಫ್‌ನ ಹುಡುಗ ಷಣ್ಮುಗಂ ಮಂಜುನಾಥ್, ಮೈಸೂರಿನಲ್ಲಿ ಇಂಜಿನಿಯರಿಂಗ್, ಲಖನೌದಲ್ಲಿ ಎಂಬಿಎ ಓದಿ ಇಂಡಿಯನ್ ಆಯಿಲ್ ಸೇರಿದವರು. ಉತ್ತರ ಪ್ರದೇಶದ ಲಖೀಂಪುರ ಖೀರಿ ಜಿಲ್ಲೆಯಲ್ಲಿ ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕಾಗಿ 2005ರ ನವೆಂಬರ್ 19ರಂದು ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 27 ವರ್ಷ. ಅದಕ್ಕೆ ಎರಡು ವರ್ಷ ಮೊದಲು, 2003ರ ನವೆಂಬರಿನಲ್ಲಿ, ಹೆದ್ದಾರಿ ಪ್ರಾಧಿಕಾರದ ಇಂಜಿನಿಯರ್ ಸತ್ಯೇಂದ್ರ ದುಬೆ ಗಯಾದಲ್ಲಿ ಕೊಲೆಯಾದರು. ರಸ್ತೆ ಕಾಮಗಾರಿಯ ಅಕ್ರಮದ ಬಗ್ಗೆ ಅವರು ಪ್ರಧಾನಿ ಕಚೇರಿಗೇ ಬರೆದು, ತಮ್ಮ ಹೆಸರನ್ನು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ತಿರುಗಿತು. ಇಂಥವರ ಭಾವಚಿತ್ರಕ್ಕೆ ಹಾರ ಹಾಕುವಾಗ ನನಗೆ ಹೆಮ್ಮೆಗಿಂತ ನಾಚಿಕೆಯೇ ಹೆಚ್ಚಾಗುತ್ತದೆ. ಒಬ್ಬ ನೌಕರ ತನ್ನ ಮಾಮೂಲಿ ಕೆಲಸವನ್ನು ಸರಿಯಾಗಿ ಮಾಡಲು ಪ್ರಾಣ ಕೊಡಬೇಕಾಗಿ ಬಂದರೆ, ಆತನ ಮೇಲಿದ್ದವರು ಮಾಡಬೇಕಾದ ಕೆಲಸ ಮಾಡಿಲ್ಲ ಎಂದೇ ಅರ್ಥ.

ದುಬೆ ಅವರ ಸಾವಿನ ನಂತರ, 2004ರಲ್ಲಿ, ದೂರುದಾರರ ಗುರುತನ್ನು ಗೌಪ್ಯವಾಗಿಡುವ ಹೊಣೆಯನ್ನು ಕೇಂದ್ರ ಜಾಗೃತ ಆಯೋಗಕ್ಕೆ ವಹಿಸುವ ನಿರ್ಣಯ ಬಂತು. 2014ರಲ್ಲಿ ಸಂಸತ್ತು ಕಾನೂನನ್ನೂ ಅಂಗೀಕರಿಸಿತು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ನೌಕರರ ದೂರಿಗೆ ಪ್ರತ್ಯೇಕ ದಾರಿ ಇಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅದೇ ವರ್ಷದ ಇನ್ನೊಂದು ಕಾಯ್ದೆಯ ಪ್ರಕಾರ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದು, ಹೊರಗಿನ ಸದಸ್ಯರೂ ಒಬ್ಬರಿರಬೇಕು. ಇದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಮಾತ್ರ ಎಂದುಕೊಂಡವರು ನಮ್ಮ ಊರಲ್ಲಿ ಬಹಳ ಜನರಿದ್ದಾರೆ. ನರ್ಸಿಂಗ್ ಹೋಮಿಗೂ, ಜವಳಿ ಅಂಗಡಿಗೂ, ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆ. ನಿಮ್ಮ ಸಂಸ್ಥೆಯ ಸಮಿತಿಯಲ್ಲಿ ಯಾರಿದ್ದಾರೆಂದು ನಾಳೆ ಬೆಳಿಗ್ಗೆ ನಿಮ್ಮ ಅತ್ಯಂತ ಕಿರಿಯ ಮಹಿಳಾ ಸಿಬ್ಬಂದಿಯನ್ನು ಕೇಳಿ. ಆಕೆಗೆ ಗೊತ್ತಿಲ್ಲದಿದ್ದರೆ ಸಮಿತಿ ಕಾಗದದಲ್ಲಿ ಮಾತ್ರ ಇದೆ.

ಮೆಮೊ ಬಂದ ಮೇಲೆ ನಾನು ಬದಲಾಯಿಸಿದ್ದು ಹೆಚ್ಚೇನಲ್ಲ. ಸಾಲದ ಕಡತ ಚರ್ಚೆಗೆ ಬಂದಾಗ ಮೊದಲು ಅತ್ಯಂತ ಕಿರಿಯರಿಂದ ಅಭಿಪ್ರಾಯ ಕೇಳಿ, ನನ್ನ ಮಾತನ್ನು ಕೊನೆಗೆ ಇಟ್ಟುಕೊಂಡೆ. ಮ್ಯಾನೇಜರ್ ಮೊದಲು ಬಾಯಿಬಿಟ್ಟರೆ ಉಳಿದವರು ತಲೆಯಾಡಿಸುತ್ತಾರೆ, ಅಷ್ಟೇ. “ಏನಾದರೂ ಸಮಸ್ಯೆ ಇದೆಯೇ?” ಎಂದು ಕೇಳುವುದನ್ನು ಬಿಟ್ಟು, “ಈ ಕಡತದಲ್ಲಿ ನಿಮಗೆ ಕಸಿವಿಸಿಯಾದ ಒಂದು ಜಾಗ ತೋರಿಸಿ” ಎಂದು ಕೇಳತೊಡಗಿದೆ. ಮೊದಲ ಪ್ರಶ್ನೆಗೆ ಇಲ್ಲ ಎನ್ನುವುದು ಸುಲಭ, ಎರಡನೆಯದಕ್ಕೆ ಅಷ್ಟು ಸುಲಭವಲ್ಲ. ಯಾರಾದರೂ ಅನುಮಾನ ಹೇಳಿದರೆ ಅದೇ ದಿನ ಎಲ್ಲರ ಕಣ್ಣೆದುರು ಏನಾದರೂ ಮಾಡುತ್ತಿದ್ದೆ: ಪೊಟ್ಟಣ ಬಿಚ್ಚಿಸುವುದು, ಇನ್ನೊಬ್ಬ ಅಪ್ರೈಸರನ್ನು ಕರೆಸುವುದು, ಜಮೀನು ನೋಡಿ ಬರುವುದು. ಹತ್ತರಲ್ಲಿ ಏಳು ಸಲ ಅನುಮಾನ ಸುಳ್ಳಾಗುತ್ತಿತ್ತು. ಸುಳ್ಳಾದಾಗ ಹೇಳಿದವರನ್ನು ನಾನು ಹೇಗೆ ನಡೆಸಿಕೊಳ್ಳುತ್ತೇನೆ ಎಂದು ಇಡೀ ಶಾಖೆ ಗಮನಿಸುತ್ತಿತ್ತು. ನನ್ನ ನಿಜವಾದ ಪರೀಕ್ಷೆ ನಡೆಯುತ್ತಿದ್ದದ್ದು ಆ ಏಳು ಸಲಗಳಲ್ಲಿ. ಆ ಹುಡುಗಿಯ ಬಳಿ ಕ್ಷಮೆಯನ್ನೂ ಕೇಳಿದೆ, ಎಲ್ಲರೂ ಇದ್ದಾಗ ಕೇಳಿದೆ. ಮ್ಯಾನೇಜರ್ ಹಾಗೆ ಕೇಳಿದರೆ ಶಿಸ್ತು ಕೆಡುತ್ತದೆ ಎಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು. ಕೆಡಲಿಲ್ಲ.

ಉಪನ್ಯಾಸದ ನಂತರ ಹಲವು ಪ್ರಶ್ನೆಗಳು ಬಂದವು. ಒಂದನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ. ಸಂಜೆ ಕಾಲೇಜಿನಲ್ಲಿ ಓದುತ್ತ ಹಗಲು ಮೆಕ್ಕೆಜೋಳದ ಖರೀದಿ ಅಂಗಡಿಯೊಂದರಲ್ಲಿ ದುಡಿಯುವ ಯುವಕನೊಬ್ಬ ಎದ್ದು ನಿಂತ. ತೇವಾಂಶ ನೋಡುವ ಮೀಟರ್ ಆತನ ಜವಾಬ್ದಾರಿ. ಒಂದು ಹಿಡಿ ಕಾಳನ್ನು ಬಟ್ಟಲಿಗೆ ಸುರಿದು, ಮುಚ್ಚಳ ತಿರುಗಿಸಿ, ಅಂಕಿ ನಿಲ್ಲುವವರೆಗೆ ಕಾದು ಅದನ್ನು ಕೂಗಿ ಹೇಳಬೇಕು. ಸರ್ಕಾರದ ಬೆಂಬಲ ಬೆಲೆಯ ಖರೀದಿಯಲ್ಲಿ ಶೇ 14ರವರೆಗಿನ ತೇವಾಂಶಕ್ಕೆ ಒಪ್ಪಿಗೆ. ಮಂಡಿಯಲ್ಲೂ ಅದೇ ಲೆಕ್ಕ ಹಿಡಿದು ಅದಕ್ಕೆ ಮೀರಿದ್ದಕ್ಕೆ ತೂಕದಲ್ಲಿ ಮುರಿಯುತ್ತಾರೆ. “ಮೀಟರ್ 14 ತೋರಿಸಿದ್ರೆ 15 ಅಂತ ಕೂಗು ಅಂತಾರೆ ಸರ್. ಮನೇಲಿ ನನ್ನ ಸಂಬಳ ಒಂದೇ. ನಾನೇನು ಮಾಡ್ಲಿ?” ಎಂದ.

ಐವತ್ತು ಕ್ವಿಂಟಾಲಿನ ಒಂದು ಲೋಡಿಗೆ ಶೇ 1 ಎಂದರೆ ಐವತ್ತು ಕಿಲೊ, ಹೆಚ್ಚುಕಡಿಮೆ ಒಂದು ಚೀಲ. ಸಭೆಯಲ್ಲಿದ್ದ ರೈತರ ಮಕ್ಕಳು ಆ ಲೆಕ್ಕವನ್ನು ನನಗಿಂತ ಮೊದಲೇ ಮಾಡಿದ್ದರು. ನಾನು ಹೇಳಿದ್ದು ಇಷ್ಟು: “ನೋಡಪ್ಪ, ನಾಳೆಯೇ ಕೆಲಸ ಬಿಡು ಎಂದು ಹೇಳುವ ಹಕ್ಕು ನನಗಿಲ್ಲ. ನಿನ್ನ ಮನೆಯ ಒಲೆ ನಾನು ಉರಿಸುವುದಿಲ್ಲ. ಮೊದಲು ನಿನ್ನ ಮಾಲೀಕರ ಬಳಿ ಒಂದು ಮಾತು ಕೇಳು: ಮೀಟರಿನ ಮುಖವನ್ನು ರೈತರ ಕಡೆಗೆ ತಿರುಗಿಸಿ ಇಡೋಣವೇ, ಅಂಕಿ ಅವರೇ ಓದಿಕೊಳ್ಳಲಿ, ನಮ್ಮ ಅಂಗಡಿಗೆ ಹೆಸರೂ ಬರುತ್ತದೆ ಎಂದು. ಅವರಿಗೆ ಬದಲಾಗಲು ಮರ್ಯಾದೆಯ ದಾರಿಯೊಂದನ್ನು ಕೊಟ್ಟ ಹಾಗಾಗುತ್ತದೆ. ಒಪ್ಪದಿದ್ದರೆ ಬೇರೆ ಕಡೆ ಕೆಲಸ ಹುಡುಕಲು ಶುರು ಮಾಡು. ಅಲ್ಲಿಯವರೆಗೆ ಮೀಟರಿನ ಕೆಲಸ ಬಿಟ್ಟು ಬೇರೆ ಯಾವುದಾದರೂ ಕೆಲಸ ಕೊಡಿ ಎಂದು ಕೇಳು. ಸುಳ್ಳು ಅಂಕಿ ನಿನ್ನ ಗಂಟಲಿನಿಂದ ಹೊರಡುವುದು ಬೇಡ.” ಆತ ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ನಿಂತೇ ಇದ್ದು, ಕುಳಿತುಕೊಂಡ.

ಜನ ಚದುರಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಮಂಡಿ ವ್ಯಾಪಾರಿಯೊಬ್ಬರು ಹತ್ತಿರ ಬಂದರು. ಅರವತ್ತು ದಾಟಿದವರು, ತಂದೆಯ ಕಾಲದಿಂದಲೂ ಅಂಗಡಿ ನಡೆಸುತ್ತಿರುವವರು. “ನಮ್ಮ ಅಂಗಡಿ ಮೀಟರ್ ಯಾವ ಕಡೆಗೆ ಮುಖ ಮಾಡೈತೆ ಅಂತ ನಾನು ಇದುವರೆಗೂ ನೋಡೇ ಇಲ್ರೀ” ಎಂದರು. ಚಹಾ ಕುಡಿದು ಹೋಗಿ ಎಂದೆ. ಇಲ್ಲ, ಹುಡುಗರು ಅಂಗಡಿ ಮುಚ್ಚುವ ಮೊದಲು ಹೋಗಬೇಕು ಎಂದು ಹೊರಟರು.